ಕಂಪ್ಯೂಟರು ತೊಟ್ಟ ರವಿಕೆ

ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರು ರವಿಕೆ ತೊಟ್ಟು ಕೂತಿದೆ. ನಗುವುದಾದರೆ ಈಗಲೇ ನಕ್ಕುಬಿಡಿ, ಆಮೇಲೆ ನಗುವುದಕ್ಕೆ ಅಷ್ಟಾಗಿ ಅವಕಾಶ ಸಿಗದು. ಮೆರೂನ್ ಬಣ್ಣದ ಬಟ್ಟೆ, ಕೆಳಗೆ ಎರಡು ಬೆರಳಗಲದ ಜರಿಯಂಚು, ಬೆನ್ನಿಗೆ ಕಟ್ಟುವ ದಾರ, ದಾರದ ತುದಿಗೆ ಎರಡು ಪುಟ್ಟ ಕುಚ್ಚು. ಧೂಳು ಕೂರದಿರಲಿ ಎಂದು ಮಾನಿಟರಿನ ಅಳತೆ ತೆಗೆದು ಹೊಲಿದ ಮುಸುಕು ಅದು. ಹೊಲಿದವರು ನಲವತ್ತು ವರ್ಷದಿಂದ ರವಿಕೆಯನ್ನೇ ಹೊಲಿದುಕೊಂಡು ಬಂದ ನಮ್ಮ ಅತ್ತಿಗೆ. ಹಾಗಾಗಿ ಮುಸುಕಿಗೂ ರವಿಕೆಯ ಕಳೆಯೇ ಬಂದುಬಿಟ್ಟಿದೆ. ಪ್ರತಿ ಹಬ್ಬಕ್ಕೂ ನನ್ನ ಹೆಂಡತಿ ಅದನ್ನು ಬಿಚ್ಚಿ ಒಗೆಯುತ್ತೇನೆ ಎನ್ನುತ್ತಾಳೆ. ನಾನು ಬೇಡ ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ಏನೋ ಒಂದು ಗೊಣಗಿ ಪೇಪರು ಹಿಡಿದುಕೊಂಡು ಹೊರಗೆ ಹೋಗಿ ಕೂರುತ್ತೇನೆ. ನಿಮಗಾದರೂ ಹೇಳಿಬಿಡೋಣ ಅನ್ನಿಸಿತು.

ನಮ್ಮ ಬಳಗದಲ್ಲಿ ನನ್ನನ್ನು ಕಂಪ್ಯೂಟರ್ ಮೇಷ್ಟ್ರು ಎನ್ನುತ್ತಾರೆ. ನಾನು ಆ ಬಿರುದಿಗೆ ತಕ್ಕವನಲ್ಲ. ಶ್ರೀರಂಗಪಟ್ಟಣದ ಒಂದು ಹೈಸ್ಕೂಲಿನಲ್ಲಿ ನಾನು ಹೇಳಿಕೊಟ್ಟದ್ದು ಇತಿಹಾಸ. ಶಾಲೆಗೆ ನಾಲ್ಕು ಕಂಪ್ಯೂಟರು ಬಂದಾಗ ತರಬೇತಿಗೆ ಯಾರನ್ನಾದರೂ ಕಳಿಸಬೇಕಿತ್ತು. ಗಣಿತದ ಮೇಷ್ಟ್ರ ಮಗಳ ಮದುವೆ ಗೊತ್ತಾಗಿತ್ತು, ವಿಜ್ಞಾನದವರಿಗೆ ಮಂಡಿನೋವು, ಉಳಿದವನು ನಾನು. ಹನ್ನೆರಡು ದಿನ ಹೋಗಿ ಬಂದೆ. ಬಂದ ಮೇಲೆ ಕೇಳಬೇಕೇ, ಕೋಟೆ ಕೊತ್ತಲ ಮುತ್ತಿಗೆ ಎಂದು ಪಾಠ ಮಾಡುತ್ತಿದ್ದವನಿಗೆ ಕಂಪ್ಯೂಟರಿನೊಳಗೂ ಅದೇ ಕಾಣತೊಡಗಿತು. ಬಾಗಿಲು, ಬೀಗ, ಕಾವಲು, ಒಳಗೆ ನುಗ್ಗುವವರು. ವೈರಸ್ಸಿನ ಹೆಸರು ಕೇಳಿದರೆ ನನ್ನ ಮೈಯಲ್ಲಿ ಸಿಪಾಯಿಯೊಬ್ಬ ಎದ್ದು ನಿಲ್ಲುತ್ತಿದ್ದ. ಕೆಟ್ಟದ್ದನ್ನು ಸರಿ ಮಾಡುವ ಚಪಲ ಒಮ್ಮೆ ಹತ್ತಿದರೆ ಬಿಡುವುದಲ್ಲ, ಕೆಡದೆ ಇರುವುದರ ಮೇಲೂ ಕೈ ಓಡುತ್ತದೆ.

ನೆಂಟರ ಮನೆಗಳಿಗೆ ಕಂಪ್ಯೂಟರು ಬಂದದ್ದೇ ತಡ, ನನ್ನ ಭಾನುವಾರಗಳೆಲ್ಲ ಅವರ ಪಾಲಾದವು. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಸ್ಕ್ರೂಡ್ರೈವರು, ಬಣ್ಣ ಬಳಿಯುವ ಹಳೆಯ ಬ್ರಷ್ಷು, ಎರಡು ಪೆನ್ ಡ್ರೈವು. ಕಿರಂಗೂರಿನ ಅಕ್ಕನ ಮನೆಯಲ್ಲಿ ಕೀಬೋರ್ಡು ಕೆಲಸ ಮಾಡುತ್ತಿಲ್ಲ ಎಂದು ಕರೆದರು. ತಿರುವಿ ಕೊಡವಿದರೆ ಅಂಗೈ ತುಂಬ ಬೆಲ್ಲದ ಪುಡಿ, ಹಿಂದೆಯೇ ಒಂದು ಇರುವೆ ಸಂಸಾರ. ಭಾವನಿಗೆ ಒಂದು ಕೈಯಲ್ಲಿ ಬೆಲ್ಲದಚ್ಚು ಮುರಿದು ಬಾಯಿಗೆ ಹಾಕಿಕೊಂಡು ಇನ್ನೊಂದು ಕೈಯಲ್ಲಿ ಟೈಪು ಮಾಡುವ ಅಭ್ಯಾಸ. ಗೋವಿಂದನಹಳ್ಳಿಯ ಸೋದರಮಾವ ಮೊಬೈಲಿಗೆ ಓಟಿಪಿ ಬಂದರೆ ಜಗಲಿಯಲ್ಲಿ ನಿಂತು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣು ಮಂಜಾದದ್ದರಿಂದ ಸರಿಯಾಗಿ ಓದಿದೆನೋ ಇಲ್ಲವೋ ಎಂದು ದಾರಿಹೋಕರನ್ನು ಕರೆದು ತೋರಿಸುತ್ತಲೂ ಇದ್ದರು. ಅದು ಗುಟ್ಟು ಮಾವ ಎಂದು ನಾನು ತಲೆ ಚಚ್ಚಿಕೊಂಡರೆ, ನಮ್ಮೂರವರ ಹತ್ತಿರ ಎಂಥ ಗುಟ್ಟು ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದರು.

ಎಲ್ಲರಿಗಿಂತ ಮಿಗಿಲು ನಾಗಮಂಗಲದ ನಮ್ಮ ಮಾವನವರು, ಹೆಂಡತಿಯ ತಂದೆ. ಅವರ ಕಂಪ್ಯೂಟರು ತೆರೆಯುವುದಕ್ಕೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ನೋಡಿದರೆ ಪರದೆಯ ತುಂಬ ಕಂಡು ಕೇಳರಿಯದ ಸಾಮಾನು. ಇವನ್ನೆಲ್ಲ ಯಾರು ಹಾಕಿದರು ಎಂದರೆ, ಅವೇ ಬಂದು ಹಾಕಲೇ ಹಾಕಲೇ ಎಂದು ಕೇಳಿದವಂತೆ, ಇವರು ಹೂಂ ಎಂದರಂತೆ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನುವ ವಂಶ ನಮ್ಮದಲ್ಲ ಎಂದು ಅವರ ಸಮಜಾಯಿಷಿ. ಆಯುಧಪೂಜೆಯಲ್ಲಿ ಸಿಪಿಯುಗೆ ಕುಂಕುಮವಿಟ್ಟು ಎದುರಿಗೆ ತೆಂಗಿನಕಾಯಿ ಒಡೆದು ಕಾಯಿನೀರನ್ನು ಒಳಗೇ ಹರಿಸಿದವರೂ ಅವರೇ. ಆ ಸಲ ಬ್ರಷ್ಷು ಸಾಲದೆ ಹೆಂಡತಿಯ ಕೂದಲು ಒಣಗಿಸುವ ಯಂತ್ರವನ್ನು ತೆಗೆದುಕೊಂಡು ಹೋಗಬೇಕಾಯಿತು.

ಇದೆಲ್ಲ ನೋಡಿ ನೋಡಿ ನಾನೊಂದು ಹಾಳೆ ಅಚ್ಚು ಹಾಕಿಸಿದೆ. ಗೊತ್ತಿಲ್ಲದವರು ಕಳಿಸಿದ ಲಿಂಕನ್ನು ಒತ್ತಬೇಡಿ, ಓಟಿಪಿಯನ್ನು ಯಾರಿಗೂ ಹೇಳಬೇಡಿ, ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ, ಸಿಕ್ಕಿದ ಪೆನ್ ಡ್ರೈವು ಚುಚ್ಚಬೇಡಿ, ಎಲ್ಲವನ್ನೂ ಇನ್ನೊಂದು ಕಡೆ ನಕಲು ಮಾಡಿ ಇಡಿ, ಹೀಗೆ. ಅದರಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದು ಒಂದೇ ಮಾತು: ಪಾಸ್‌ವರ್ಡಿಗೆ ಗಂಡ, ಹೆಂಡತಿ, ಮಕ್ಕಳು, ಮನೆದೇವರ ಹೆಸರು ಇಡಕೂಡದು. ಮನೆದೇವರನ್ನು ಸೇರಿಸಿದ್ದು ನಾನೇ. ತರಬೇತಿಯಲ್ಲಿ ಹೇಳಿದವರಿಗೆ ನಮ್ಮ ಕಡೆಯ ಹತ್ತು ಮನೆಯಲ್ಲಿ ಎಂಟರ ಬೀಗ ಮನೆದೇವರ ಹೆಸರಿಗೇ ತೆಗೆಯುತ್ತದೆ ಎನ್ನುವುದು ಹೇಗೆ ತಿಳಿಯಬೇಕು. ಹಾಳೆಯನ್ನು ನಾಲ್ಕು ತಾಲ್ಲೂಕಿನ ನೆಂಟರಿಗೂ ಹಂಚಿದೆ. ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡರು. ಓದಿದರೋ ಇಲ್ಲವೋ ತಿಳಿಯದು. ಆ ದಪ್ಪಕ್ಷರದ ಮಾತನ್ನು ಮೊದಲು ಮುರಿದವನು ಮಾತ್ರ ನಾನು, ಅದೂ ಹಾಳೆ ಅಚ್ಚಾಗುವ ಎಷ್ಟೋ ವರ್ಷ ಮುಂಚೆ, ಅತ್ತಿಗೆಯ ಮನೆಯಲ್ಲಿ.

ಅತ್ತಿಗೆಯ ಮನೆ ಎಂದರೆ ನಮ್ಮದೇ ಹಳೆಯ ಮನೆ, ತೊಣ್ಣೂರು ಕೆರೆಯಿಂದ ಸೈಕಲ್ಲು ತುಳಿದರೆ ಹತ್ತು ನಿಮಿಷದ ಊರು. ಅಣ್ಣನ ಮದುವೆಯಾದಾಗ ನನಗೆ ಒಂಬತ್ತೋ ಹತ್ತೋ. ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ದಿನ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ಅಕ್ಕ ಬಾಗಿಲ ಆ ಕಡೆ ಕೈ ಅಡ್ಡ ಹಿಡಿದಳು, ಈ ಕಡೆ ನಾನು. ಗಂಡನ ಹೆಸರು ಹೇಳಿದರೆ ಒಳಕ್ಕೆ, ಇಲ್ಲದಿದ್ದರೆ ಅಲ್ಲೇ. ನಮ್ಮ ಕಡೆ ಇದು ಎಲ್ಲ ಮನೆಯಲ್ಲೂ ಉಂಟು, ನೀವೂ ನಿಂತಿರುತ್ತೀರಿ ಅಥವಾ ತಡೆದಿರುತ್ತೀರಿ. ಹದಿನೆಂಟರ ಹುಡುಗಿ ತಲೆ ತಗ್ಗಿಸಿ ನಿಂತೇ ಇದ್ದಳು. ಹೆಂಗಸರೆಲ್ಲ ಕೆಣಕಿದರು, ಬಿಸಿಲು ಏರಿತು, ಬಾಸಿಂಗದ ಕೆಳಗೆ ಬೆವರು ಇಳಿಯುತ್ತಿತ್ತು. ಕೊನೆಗೆ ತುಟಿ ಅಲ್ಲಾಡಿತು. ತಲೆ ತಗ್ಗಿಸಿದ್ದರಿಂದ ಅವಳ ಬಾಯಿ ನನ್ನ ಕಿವಿಯ ಮಟ್ಟಕ್ಕಿತ್ತು. ಹೆಸರು ನನಗೊಬ್ಬನಿಗೆ ಕೇಳಿಸಿತು. ಉಳಿದವರು ಕೇಳಿಸಲಿಲ್ಲ, ಇನ್ನೊಂದು ಸಲ ಆಗಲಿ ಎಂದು ಹಟ ಹಿಡಿದರು. ನನಗೆ ಕೇಳಿಸಿತು ಎಂದು ಹೇಳಿ ನಾನು ಅಡ್ಡ ಹಿಡಿದಿದ್ದ ಕೈ ತೆಗೆದುಬಿಟ್ಟೆ. ಅಕ್ಕ ನನ್ನ ತಲೆಗೊಂದು ಮೊಟಕಿದಳು. ಆವತ್ತಿನಿಂದ ನಾನು ಅತ್ತಿಗೆಯ ಕಡೆಯವನಾದೆ, ಮುದ್ದೆಯ ಜೊತೆಗೆ ಎರಡು ಚಮಚ ತುಪ್ಪ ಬೀಳುವವನಾದೆ.

ಆಮೇಲೆ ಅವರ ಬಾಯಲ್ಲಿ ಆ ಹೆಸರು ಯಾರೂ ಕೇಳಲಿಲ್ಲ. ಇವ್ರು, ಅವ್ರು, ನಿಮ್ಮಣ್ಣ, ಇಷ್ಟರಲ್ಲೇ ಸಂಸಾರ ಸಾಗಿತು. ನಮ್ಮ ತಾಲ್ಲೂಕಿನ ಬೆಟ್ಟದ ಮೇಲಿರುವ ದೇವರ ಹೆಸರನ್ನೇ ಅಣ್ಣನಿಗೆ ಇಟ್ಟಿದ್ದರು. ಹಾಗಾಗಿ ದೇವರೂ ಅತ್ತಿಗೆಯ ಬಾಯಲ್ಲಿ ಬೆಟ್ಟದಪ್ಪ ಆದ. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರೇನಮ್ಮ ಎಂದರೆ ಒಳಗಿನಿಂದ ನನ್ನನ್ನು ಕೂಗುತ್ತಿದ್ದರು. ನಾನು ಆಟ ಬಿಟ್ಟು ಓಡಿ ಬಂದು ಅಣ್ಣನ ಹೆಸರು ಹೇಳಿ ವಾಪಸು ಓಡುತ್ತಿದ್ದೆ. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಹನ್ನೆರಡು ಅಕ್ಷರ ಎನ್ನುವುದಷ್ಟು ನಿಮಗೆ ತಿಳಿದಿರಲಿ.

ಅತ್ತಿಗೆ ರವಿಕೆ ಹೊಲಿಯುತ್ತಾರೆಂದೆನಲ್ಲ. ಸುತ್ತಲ ಏಳು ಊರಿನ ಹೆಂಗಸರು ಅವರ ಹತ್ತಿರವೇ ಬರುತ್ತಿದ್ದರು. ಹೊಸ ಹೊಸ ಬೆನ್ನಿನ ಡಿಸೈನು ಬರತೊಡಗಿ, ಎಲ್ಲರೂ ಫೋಟೋ ತೋರಿಸಿ ಇಂಥದೇ ಬೇಕು ಎನ್ನತೊಡಗಿದಾಗ ಅಣ್ಣ ಒಂದು ಕಂಪ್ಯೂಟರು ತಂದು ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಕೂರಿಸಿದ. ಹೊಂದಿಸಿಕೊಟ್ಟವನು ನಾನು. ಡಿಸೈನು ನೋಡುವುದಷ್ಟೇ ಅಲ್ಲ, ಹರಿದು ಚಿಂದಿಯಾಗಿದ್ದ ನೋಟುಪುಸ್ತಕದ ಅಳತೆಗಳನ್ನೆಲ್ಲ ಅದರೊಳಗೆ ತುಂಬಿದೆವು. ಒಬ್ಬೊಬ್ಬರ ಹೆಸರಿನ ಮುಂದೆ ಎದೆ, ಸೊಂಟ, ತೋಳು. ಇದು ಊರಿಗೆ ಗೊತ್ತಾದದ್ದೇ ಹೆಂಗಸರೆಲ್ಲ ದಿಗಿಲುಬಿದ್ದು ಬಂದರು. ತಮ್ಮ ಸೊಂಟದ ಅಳತೆ ಟೀವಿಯಂಥ ಪೆಟ್ಟಿಗೆಯಲ್ಲಿ ಕೂತಿದ್ದರೆ ನಾಳೆ ಯಾರ್ಯಾರು ನೋಡುತ್ತಾರೋ ಎಂದು ಅವರ ಆತಂಕ. ನನ್ನೊಳಗಿನ ಸಿಪಾಯಿ ಎದ್ದು ನಿಂತ. ಬೀಗ ಹಾಕಿಕೊಡುತ್ತೇನೆ, ಅತ್ತಿಗೆ ಬಿಟ್ಟರೆ ಯಾರಿಗೂ ತೆಗೆಯುವುದಕ್ಕಾಗದು ಎಂದು ಮಾತು ಕೊಟ್ಟೆ.

ಯಾವ ಪಾಸ್‌ವರ್ಡು ಇಡುವುದು ಎಂದು ಕೂತಾಗ ನನಗೆ ಚೇಷ್ಟೆ ಹೊಳೆಯಿತು. ಯಾರು ಕೇಳಿದರೂ, ಕುತ್ತಿಗೆಗೆ ಕುಡುಗೋಲು ಹಿಡಿದರೂ ಅತ್ತಿಗೆ ಬಾಯಿ ಬಿಟ್ಟು ಹೇಳದ ಮಾತು ಯಾವುದು? ಪ್ರಪಂಚದಲ್ಲಿ ಇದಕ್ಕಿಂತ ಗಟ್ಟಿಯಾದ ಬೀಗವಿಲ್ಲ ಎಂದು ಅಣ್ಣನ ಹೆಸರನ್ನೇ ಇಟ್ಟುಬಿಟ್ಟೆ. ಅತ್ತಿಗೆ ಕೈ ಹಿಂದಕ್ಕೆಳೆದುಕೊಂಡರು. ಬರೆಯುವುದೂ ಹೇಳಿದಂತೆಯೇ ಅಲ್ಲವೇ ಎಂದರು. ಬರೆದದ್ದು ಕಾಣುವುದಿಲ್ಲ, ಒಂದೊಂದು ಅಕ್ಷರ ಒತ್ತಿದರೂ ಒಂದೊಂದು ಚುಕ್ಕಿ ಮಾತ್ರ ಬೀಳುತ್ತದೆ ಎಂದು ತೋರಿಸಿದೆ. ಬಗ್ಗಿ ನೋಡಿದರು.

"ನಿಜ್ವಾಗ್ಲೂ ಕಾಣಾಕಿಲ್ವಾ?"

"ಇಲ್ಲ ಅತ್ತಿಗೆ. ನೀವು ಬರೆದಿದ್ದು ನಿಮಗೂ ಕಾಣಾಕಿಲ್ಲ."

"ಅಂಗಾದ್ರೆ ಸರಿ ಬುಡು."

ಏಳನೆಯ ತರಗತಿಯ ಇಂಗ್ಲಿಷು ಅವರದು. ಬಲಗೈ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ರಂಗೋಲಿಗೆ ಚುಕ್ಕಿ ಇಟ್ಟು ಎಣಿಸುವಂತೆ ತುಟಿಯಲ್ಲೇ ಹನ್ನೆರಡು ಎಣಿಸಿ, ಲೆಕ್ಕ ಸರಿಬಂದರೆ ಕೊನೆಯ ಗುಂಡಿ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ದೀಪ ಹಚ್ಚಿ, ಆವತ್ತು ಯಾರ್ಯಾರ ರವಿಕೆ ಎಂದು ನೋಡಿಕೊಳ್ಳುವುದಕ್ಕೆ ಕಂಪ್ಯೂಟರು ತೆರೆಯುವುದು ಅವರ ದಿನಚರಿಯಾಯಿತು. ಅದು ತೆರೆದಾಗ ಟಿಣಿಂಗೆಂದು ಒಂದು ಸದ್ದು ಬರುತ್ತಿತ್ತು. ಜಗಲಿಯಲ್ಲಿ ಬೀಡಿ ಹಚ್ಚುತ್ತಿದ್ದ ಅಣ್ಣ ಆ ಸದ್ದು ಬಿದ್ದೊಡನೆ ಒಳಕ್ಕೆ ಕೂಗುತ್ತಿದ್ದ, ಯಾರೋ ಕರ್ದಂಗಾಯ್ತಲ್ಲ ಎಂದು. ಅತ್ತಿಗೆ ಯಾರೂ ಕರೆದಿಲ್ಲ, ಮಿಷನ್ನು ತೆಗೆದೆ ಎನ್ನುತ್ತಿದ್ದರು. ನಾನು ಉಳಿದುಕೊಂಡ ದಿನಗಳಲ್ಲೆಲ್ಲ ಇದನ್ನು ಕೇಳಿದ್ದೇನೆ. ವರ್ಷಗಟ್ಟಲೆ ದಿನಾ ಅದೇ ಮಾತು, ಅದೇ ಉತ್ತರ, ಇಬ್ಬರಿಗೂ ಬೇಸರವಾದದ್ದು ಕಾಣೆ. ನನಗೆ ಮಾತ್ರ ನನ್ನ ಜಾಣತನದ ಬಗ್ಗೆಯೇ ಹೆಮ್ಮೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನನ್ನು ಹೆಸರು ಹಿಡಿದು ಕರೆಯುವುದಕ್ಕೆ ಒಂದು ಜಾಗ ಸಿಕ್ಕಿತ್ತು ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಅಣ್ಣ ಮೂರು ವರ್ಷದ ಹಿಂದೆ ಹೋದ. ಗದ್ದೆಗೆ ನೀರು ಕಟ್ಟಿ ಬಂದವನು ಎದೆ ಹಿಡಿದುಕೊಂಡು ಕೂತ, ಪಾಂಡವಪುರದ ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಊರಿನ ಗೆಳೆಯರು ಬಸ್ ಸ್ಟಾಪಿನಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿಸಿದರು. ಅಣ್ಣನ ನಗುಮುಖದ ಫೋಟೋ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ, ಅದರ ಕೆಳಗೆ ಹೆಸರು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಸ್ಸಿಗೆ ಕಾಯುತ್ತ ಅದರ ಕೆಳಗೆ ನಿಂತಿದ್ದೆ. ಅಳು ಬರಬೇಕಾದ ಜಾಗ. ಬಂದಿತ್ತೂ ಕೂಡ. ಆದರೆ ಹೇಳಿಕೊಳ್ಳಲು ನಾಚಿಕೆ, ಕಣ್ಣೊರೆಸಿಕೊಂಡು ಮೇಲೆ ನೋಡಿದಾಗ ನನಗೆ ಹೊಳೆದದ್ದು ಬೇರೆ: ಏಳೂರಿನ ಹೆಂಗಸರ ಅಳತೆ ಇರುವ ಕಂಪ್ಯೂಟರಿನ ಪಾಸ್‌ವರ್ಡು ನಡುಬೀದಿಯಲ್ಲಿ ನೇತಾಡುತ್ತಿದೆ.

ಮುಂದಿನ ಭಾನುವಾರವೇ ಹೋಗಿ ಬದಲಾಯಿಸಿದೆ. ಕೆರೆ, ಕೋಡಿ, ಎರಡು ಅಂಕಿ, ಒಂದು ಚಿಹ್ನೆ, ಒಂದು ದೊಡ್ಡಕ್ಷರ, ಎಲ್ಲ ಸೇರಿಸಿ ಯಾವ ಕಳ್ಳನೂ ಊಹಿಸದ ಪಾಸ್‌ವರ್ಡು ಕಟ್ಟಿದೆ. ಅತ್ತಿಗೆ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಬರಿಗೈ, ಬರಿಹಣೆ. ನಾನು ಕೊನೆಯ ಗುಂಡಿ ಒತ್ತುವ ಮೊದಲು ಮೆಲ್ಲಗೆ ಒಂದು ಮಾತು ಹೇಳಿದರು.

"ಅದೇ ಇರ್ಲಿ ಬುಡಪ್ಪ. ಏನಾದದು?"

ಏನಾಗುತ್ತದೆ ಎಂದು ನಾನು ಅರ್ಧ ಗಂಟೆ ಹೇಳಿದೆ. ಹಾಳೆಯನ್ನು ಗೋಡೆಯಿಂದ ಬಿಡಿಸಿ ತಂದು ದಪ್ಪಕ್ಷರದ ಸಾಲನ್ನು ಓದಿಸಿದೆ. ಫ್ಲೆಕ್ಸಿನ ವಿಷಯವನ್ನೂ ಹೇಳಿದೆ. ಹೆಂಗಸರಿಗೆ ನಾನು ಕೊಟ್ಟ ಮಾತನ್ನು ನೆನಪಿಸಿದೆ. ಸತ್ತವರ ಹೆಸರನ್ನೇ ಕಳ್ಳರು ಮೊದಲು ಪ್ರಯತ್ನಿಸುವುದು ಎಂದು ಕೂಡ ಬಾಯಿ ಬಿಟ್ಟು ಹೇಳಿದೆ. ಗಂಡನನ್ನು ಕಳೆದುಕೊಂಡು ಹದಿನೈದು ದಿನವಾಗದ ಹೆಂಗಸಿನ ಮುಂದೆ ಕೂತು ಹೀಗೆ ಮಾತಾಡಿದ ನಾಲಗೆ ನನ್ನದೇ. ಅವರು ಆಯ್ತು ಬುಡು ಎಂದರು. ಹೊಸದನ್ನು ಎಲ್ಲೂ ಬರೆದಿಡಬೇಡಿ, ಬಾಯಿಪಾಠ ಮಾಡಿ ಎಂದು ನಾಲ್ಕು ಸಲ ಒಪ್ಪಿಸಿಕೊಂಡು, ಕೊಟ್ಟ ಕಾಫಿ ಕುಡಿದು, ಕರ್ತವ್ಯ ಮುಗಿಸಿದ ನೆಮ್ಮದಿಯಲ್ಲಿ ಸ್ಕೂಟರು ಹತ್ತಿದೆ.

ಎರಡು ಮೂರು ತಿಂಗಳಲ್ಲಿ ಅತ್ತಿಗೆ ಮತ್ತೆ ನೋಟುಪುಸ್ತಕ ಹಿಡಿದರು. ಕಂಪ್ಯೂಟರು ಯಾಕೆ ಬಿಟ್ಟಿರಿ ಎಂದರೆ ಆ ಕೆರೆ ಕೋಡಿಯೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ ಎಂದರು. ದುಃಖ, ವಯಸ್ಸು, ಇರಲಿ ಎಂದುಕೊಂಡೆ. ವರ್ಷ ಕಳೆದ ಮೇಲೆ ಒಂದು ಭಾನುವಾರ, ಸುಮ್ಮನೆ ನಿಂತ ಯಂತ್ರ ಕೆಡುತ್ತದೆ ಎಂದು ನಾನೇ ತೆರೆದು ನೋಡಿದೆ. ಯಾರು ಯಾವಾಗ ಬಾಗಿಲು ತಟ್ಟಿದರು ಎನ್ನುವುದನ್ನು ಕಂಪ್ಯೂಟರು ಒಳಗೊಳಗೇ ಬರೆದಿಡುತ್ತದೆ. ಸಾಮಾನ್ಯರು ಅದನ್ನು ನೋಡುವುದಿಲ್ಲ, ನಾನು ನೋಡುತ್ತೇನೆ. ನೋಡಿದೆ. ದಿನಾ ಬೆಳಿಗ್ಗೆ, ಆರೂಕಾಲರ ಆಸುಪಾಸಿಗೆ, ಯಾರೋ ಒಂದು ಸಲ ತಪ್ಪು ಪಾಸ್‌ವರ್ಡು ಹಾಕಿದ್ದಾರೆ. ಒಂದೇ ಸಲ. ಎರಡನೆಯ ಪ್ರಯತ್ನವಿಲ್ಲ. ಮಳೆ, ಹಬ್ಬ, ಅಮಾವಾಸ್ಯೆ ಯಾವುದಕ್ಕೂ ತಪ್ಪಿಲ್ಲ. ಇಂಥ ತಾಳ್ಮೆಯ ಕಳ್ಳನನ್ನು ನಾನು ಚರಿತ್ರೆಯಲ್ಲೂ ಓದಿರಲಿಲ್ಲ.

ಅತ್ತಿಗೆಯನ್ನು ಕೇಳಿದರೆ ನನಗೇನು ಗೊತ್ತಪ್ಪ ಎಂದರು. ಆ ಹೊತ್ತಿಗೆ ಮನೆಗೆ ಬರುವವಳು ಹಾಲಿನ ಜಯಮ್ಮ ಒಬ್ಬಳೇ. ಅವಳ ಓರಗಿತ್ತಿ ಪಕ್ಕದ ಊರಿನಲ್ಲಿ ಹೊಸದಾಗಿ ರವಿಕೆ ಹೊಲಿಯುತ್ತಾಳೆ ಎನ್ನುವುದೂ ನೆನಪಾಗಿ, ಗಿರಾಕಿಗಳ ಅಳತೆ ಕದಿಯುವ ಸಂಚು ನನ್ನ ಕಣ್ಣ ಮುಂದೆ ನಕ್ಷೆಯಂತೆ ಬಿಚ್ಚಿಕೊಂಡಿತು. ಜಯಮ್ಮನನ್ನು ಅಂಗಳದಲ್ಲೇ ನಿಲ್ಲಿಸಿ ನಡುಮನೆಗೆ ಯಾಕೆ ಬರುತ್ತೀಯಮ್ಮ ಎಂದು ಕೇಳಿದೆ. ಅವಳು ಬಿಳಿಚಿಕೊಂಡಳು. ಹಾಲಿನ ಕ್ಯಾನು ಕೆಳಗಿಟ್ಟು ಅತ್ತಿಗೆಯ ಮುಖ ನೋಡಿದಳು. ಅವ್ಳಲ್ಲ ಕಣಪ್ಪ, ಯಾರೂ ಅಲ್ಲ ಬುಡು ಎಂದು ಅತ್ತಿಗೆ ಒಳಕ್ಕೆ ಹೋದರು. ಒಂದು ತಿಂಗಳು ಜಯಮ್ಮ ಹಾಲನ್ನು ಹೊಸ್ತಿಲ ಹೊರಗೇ ಇಟ್ಟು ಹೋದಳಂತೆ. ಆ ಬಡಪಾಯಿಯ ಕ್ಷಮೆಯನ್ನು ನಾನು ಆಮೇಲೆ ಕೇಳಿದೆ, ಕೇಳಿದ್ದರಿಂದ ಅವಳು ಇನ್ನಷ್ಟು ಮುಜುಗರಪಟ್ಟಳು.

ಕಳ್ಳನನ್ನು ಹಿಡಿದೇ ತೀರುವುದೆಂದು ಮುಂದಿನ ಶನಿವಾರ ಚೀಲ ಸಮೇತ ಹೋಗಿ ಉಳಿದುಕೊಂಡೆ. ಬೆಳಿಗ್ಗೆ ಎಚ್ಚರವಾದಾಗ ಹೊರಗೆ ನೀರು ಚಿಮುಕಿಸುವ ಸದ್ದು. ಆಮೇಲೆ ಪೊರಕೆ. ಆಮೇಲೆ ದೇವರ ಮನೆಯ ಗಂಟೆ. ನಾನು ಕೋಣೆಯ ಬಾಗಿಲ ಸಂದಿಯಲ್ಲಿ ನಿಂತೆ. ಅತ್ತಿಗೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದರು. ಮುಸುಕಿನ ದಾರ ಬಿಚ್ಚಿ, ಮಡಚಿ ತೊಡೆಯ ಮೇಲಿಟ್ಟುಕೊಂಡು, ಗುಂಡಿ ಒತ್ತಿ, ಪರದೆ ಬೆಳಗುವವರೆಗೆ ಕಾದರು. ತೋರುಬೆರಳು ಒಂದೊಂದೇ ಅಕ್ಷರ ಹುಡುಕಿತು. ಈಗ ಹುಡುಕುವಂತೆಯೂ ಇರಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು. ತುಟಿಯಲ್ಲಿ ಎಣಿಕೆ. ಹನ್ನೆರಡಾಯಿತು. ಕೊನೆಯ ಗುಂಡಿ. ಪಾಸ್‌ವರ್ಡು ತಪ್ಪಾಗಿದೆ ಎಂದು ಬಂತು. ಅತ್ತಿಗೆ ಅದನ್ನು ನೋಡಲಿಲ್ಲ. ಜಗಲಿಯ ಕಡೆಗೆ ಮುಖ ತಿರುಗಿಸಿ ಒಂದಷ್ಟು ಹೊತ್ತು ಕೂತಿದ್ದರು. ಆಮೇಲೆ ಯಂತ್ರ ಆರಿಸಿ, ಮುಸುಕು ಹಾಕಿ, ದಾರ ಕಟ್ಟಿ, ಒಲೆಯ ಕಡೆ ಹೋದರು.

ನಾನು ಹೋಗಿ ಮಂಚದ ಮೇಲೆ ಕೂತೆ. ವರ್ಷವಿಡೀ ದಿನಾ ಬೆಳಿಗ್ಗೆ ಗಂಡನನ್ನು ಕರೆದ ಹೆಂಗಸಿಗೆ ನನ್ನ ಯಂತ್ರ ದಿನಾ ಬೆಳಿಗ್ಗೆ ತಪ್ಪು ಎಂದು ಹೇಳಿತ್ತು. ನನಗೆ ಅಳು ಬಂತು, ಬಾಯಿಗೆ ಟವೆಲು ಒತ್ತಿ ಹಿಡಿದುಕೊಂಡೆ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನೋಡಿದವನು ನೋಡದವನಂತೆ ಎದ್ದು, ಮುಖ ತೊಳೆದು, ಅವರು ಕೊಟ್ಟ ರೊಟ್ಟಿ ತಿಂದು, ಶ್ರೀರಂಗಪಟ್ಟಣಕ್ಕೆ ಬಂದುಬಿಡಬೇಕಿತ್ತು. ಆದರೆ ನಾನು ಸರಿ ಮಾಡುವವನಲ್ಲವೇ. ಮಧ್ಯಾಹ್ನ ಅತ್ತಿಗೆ ಗುಂಡಿ ತರಲು ಅಂಗಡಿಗೆ ಹೋದಾಗ ಕೆರೆ ಕೋಡಿಯನ್ನೆಲ್ಲ ಅಳಿಸಿ ಹಳೆಯ ಹನ್ನೆರಡು ಅಕ್ಷರವನ್ನೇ ಇಟ್ಟೆ. ಟಿಣಿಂಗೆನ್ನುವ ಸದ್ದು ಬರುತ್ತದೆಯೇ ಎಂದೂ ನೋಡಿದೆ. ಅವರಿಗೆ ಹೇಳಲಿಲ್ಲ. ನಾಳೆ ಬೆಳಿಗ್ಗೆ ತಾನಾಗಿ ತೆರೆದುಕೊಂಡಾಗ ಎಷ್ಟು ಸಂತೋಷಪಡುತ್ತಾರೆ ಎಂದು ದಾರಿಯುದ್ದಕ್ಕೂ ನೆನೆಸಿಕೊಂಡು ನಾನೇ ಸಂತೋಷಪಟ್ಟೆ.

ಮುಂದಿನ ಭಾನುವಾರ ಹೋದಾಗ ಕಂಪ್ಯೂಟರು ಮೇಜಿನ ಮೇಲಿರಲಿಲ್ಲ. ಬಾಗಿಲ ಪಕ್ಕ ಒಂದು ಗೋಣಿತಾಟಿನ ಮೇಲೆ ಎಲ್ಲವನ್ನೂ ಜೋಡಿಸಿಟ್ಟಿದ್ದರು. ವಯರುಗಳನ್ನು ಸುತ್ತಿ ಹೊಲಿಗೆ ದಾರದಲ್ಲಿ ಕಟ್ಟಿತ್ತು. ಮಾನಿಟರಿಗೆ ರವಿಕೆ ತೊಡಿಸಿತ್ತು, ಬೆನ್ನಿನಲ್ಲಿ ಗಂಟು ಬಿಗಿದಿತ್ತು. ತಗಂಡೋಗು ಎಂದರು. ಸರಿ ಮಾಡಿದ್ದೆನಲ್ಲ ಅತ್ತಿಗೆ ಎಂದೆ. ಅವರು ಹೊಲಿಯುತ್ತಿದ್ದ ತೋಳಿನಿಂದ ಕಣ್ಣೆತ್ತಲಿಲ್ಲ.

"ಗೊತ್ತಾಯ್ತು. ಸೋಮಾರ ಬೆಳಿಗ್ಗೆ ತೆಗ್ದುಬುಡ್ತು. ಸದ್ದೂ ಬಂತು." ಸ್ವಲ್ಪ ಹೊತ್ತು ಮಿಷನ್ನು ತುಳಿದರು. "ಬಾಗ್ಲಲ್ಲಿ ನಿಂತಿದ್ಯಾ?"

ನಾನು ಬಗ್ಗಿ ವಯರಿನ ಕಟ್ಟನ್ನು ಸರಿಸಿ ಇಟ್ಟೆ. ಅದೇ ಉತ್ತರವಾಯಿತು.

"ಬೀಗ ತೆಗ್ಯಾಕೆ ಬರೀತಿದ್ದಾಗ ಅದು ಕೆಲ್ಸ. ಯಾರ್ ನೋಡಿದ್ರೂ ನಂಗೇನೂ ಇರ್ಲಿಲ್ಲ. ತೆಗೆಯಾಕಿಲ್ಲ ಅಂತ ಗೊತ್ತಿದ್ದೂ ಬರೀತಿದ್ದೆ ನೋಡು, ಅದು ನಂದು. ಅದ್ನ ನೀನು ನೋಡ್ಬಾರ್ದಾಗಿತ್ತು ಕಣಪ್ಪ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮಾನಿಟರನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು.

"ಆವತ್ತೂ ಬಾಗ್ಲಲ್ಲಿ ನೀನೇ ನಿಂತಿದ್ದೆ. ಆವತ್ತು ಕೇಳುಸ್ತು ಅಂತ ಬುಟ್ಬುಟ್ಟಿದ್ದೆ."

ಇದಾಗಿ ಎರಡು ವರ್ಷವಾಯಿತು. ಹೋದರೆ ಈಗಲೂ ಮುದ್ದೆಗೆ ತುಪ್ಪ ಬೀಳುತ್ತದೆ, ಕಂಪ್ಯೂಟರಿನ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ನೆಂಟರು ಈಗಲೂ ಕರೆಯುತ್ತಾರೆ. ಹೋಗುತ್ತೇನೆ, ಹೋಗಿ ಯಂತ್ರದ ಮುಂದೆ ಕೂತು, ಇದು ಹೀಗೇ ಇರಲೋ ಸರಿ ಮಾಡಲೋ ಎಂದು ಕೇಳುತ್ತೇನೆ. ಮೇಷ್ಟ್ರಿಗೆ ಅರಳುಮರಳು ಎಂದು ಕಿರಂಗೂರಿನ ಭಾವ ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಾರೆ. ಅತ್ತಿಗೆಯ ಕಂಪ್ಯೂಟರನ್ನು ನಾನು ಒಂದು ದಿನವೂ ತೆರೆದಿಲ್ಲ, ಪಾಸ್‌ವರ್ಡು ಬದಲಾಯಿಸಿಲ್ಲ, ಬೆನ್ನಿನ ಗಂಟನ್ನೂ ಬಿಚ್ಚಿಲ್ಲ. ಎಂದಾದರೂ ಕೇಳಿದರೆ ಹಾಗೆಯೇ ಒಯ್ದು ಕೊಡಬೇಕು. ಅವರು ಇನ್ನೂ ಕೇಳಿಲ್ಲ.